ನಮ್ಮ ಅಪ್ಪಚ್ಚಿಯ 93 ವರ್ಷ: ಅವರನ್ನು ಬಲ್ಲವರು ಒಂದೆರಡು ಮಾತು ಬರೆಯಿರಿ

ಹುಲೇಕಲ್ ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಚ್ಚಿ, ಅಂದರೆ ಅಪ್ಪನ ತಮ್ಮ, ತೀರಿಕೊಂಡು ಬರುವ ಆಷಾಢಕ್ಕೆ ವರ್ಷ ತುಂಬುತ್ತದೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿಯಿತಲ್ಲ, ಅದೇ ವಾರ ಅವರು ಹೋದದ್ದು. ಹೆದ್ದಾರಿ ಬಂದ್ ಆಗಿತ್ತು. ಘಟ್ಟದ ಕೆಳಗಿನ ನೆಂಟರು ಎಷ್ಟೋ ಜನರಿಗೆ ಬರಲಾಗಲಿಲ್ಲ. ಮೊದಲ ತಿಥಿಗೆ ಮನೆಮಂದಿಗೆ ಹಂಚಲು ಒಂದು ಸಣ್ಣ ಪುಸ್ತಕ ಮಾಡೋಣ ಅಂತ ಇದ್ದೇವೆ. ಅವರನ್ನು ಕಂಡವರು, ಅವರ ಜಗಲಿಯಲ್ಲಿ ಕೂತು ಕಷಾಯ ಕುಡಿದವರು ಇಲ್ಲಿ ತುಂಬಾ ಜನ ಇದ್ದೀರಿ. ನಿಮಗೆ ನೆನಪಿರುವುದನ್ನು ಬರೆಯಿರಿ. ಮೊದಲು ನಾನೇ ಶುರು ಮಾಡುತ್ತೇನೆ.

ಅವರು ಹುಟ್ಟಿದ್ದು 1931ರಲ್ಲಿ. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದರು. ಮುಲ್ಕಿ ಆದವರು ಮಾಸ್ತರಿಕೆಗೆ ಹೋಗುತ್ತಿದ್ದ ಕಾಲ ಅದು. ನನ್ನ ಅಪ್ಪ ಹಾಗೇ ಊರು ಬಿಟ್ಟರು. ಅಪ್ಪಚ್ಚಿ ತೋಟಕ್ಕೆ ನಿಂತರು. ಎರಡು ಎಕರೆಗೂ ಕಮ್ಮಿ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ನಾಲ್ಕಾರು ಆಕಳು. 1956ರಲ್ಲಿ ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂತು, ಆಮೇಲೆ ಊರಿಗೆ ಕರೆಂಟು ಬಂತು, ಡಾಂಬರು ರಸ್ತೆ ಬಂತು, ಮೊಬೈಲೂ ಬಂತು. ಅವರು ಮಾತ್ರ ಅದೇ ಮನೆ, ಅದೇ ತೋಟ.

ಅಂತ್ಯಕ್ರಿಯೆಗೆ ಬಂದವರೆಲ್ಲ "ಬಹಳ ಸರಳ ಮನುಷ್ಯ" ಅಂದರು. ನಿಜ. ಎರಡು ಪಂಚೆ, ಎರಡು ಅಂಗಿ, ತಲೆಗೆ ಅಡಿಕೆ ಹಾಳೆಯ ಟೋಪಿ. ಆದರೆ ಆ ಬದುಕಿಗೆ ಎಷ್ಟು ತಿಳುವಳಿಕೆ ಬೇಕಿತ್ತು ಅನ್ನುವುದು ಈ ಒಂದು ವರ್ಷದಲ್ಲಿ ಅವರ ಅಟ್ಟ ಶುಚಿ ಮಾಡುವಾಗ ನನಗೆ ಕಾಣುತ್ತಾ ಹೋಯಿತು. ಪುಸ್ತಕದಲ್ಲಿ ಅದೇ ಬರಬೇಕು ಅಂತ ನನ್ನ ಆಸೆ. "ಒಳ್ಳೆಯವರಿದ್ದರು" ಅಂತ ಬರೆದು ಮುಗಿಸಿದರೆ ಅವರ ಕೈಕೆಲಸ, ಅವರ ಲೆಕ್ಕ ಎಲ್ಲ ಅವರ ಜೊತೆಗೇ ಹೋಗಿಬಿಡುತ್ತದೆ.

ಅಟ್ಟದಲ್ಲಿ ಸಿಕ್ಕಿದ್ದು ಹಳೆಯ ಪಂಚಾಂಗಗಳ ಕಟ್ಟು. ಪ್ರತಿ ಪುಟದ ಅಂಚಲ್ಲೂ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಮೃಗಶಿರ ಮಳೆ ಯಾವ ದಿನ ಹಿಡಿಯಿತು, ಆರ್ದ್ರೆಯಲ್ಲಿ ಎಷ್ಟು ಬಿಸಿಲು ಬಿತ್ತು, ಯಾವ ತುದಿಯ ತೋಟದಲ್ಲಿ ಕೊಳೆ ಮೊದಲು ಕಂಡಿತು, ಯಾವ ಆಕಳು ಯಾವಾಗ ಕರು ಹಾಕಿತು, ಕೆಲಸಕ್ಕೆ ಯಾರು ಬಂದರು, ಅವರಿಗೆ ಎಷ್ಟು ಕೊಡುವುದು ಬಾಕಿ. ತಾವು ಕೊಡಬೇಕಾದ್ದು ಬರೆದಿದೆ. ತಮಗೆ ಬರಬೇಕಾದ್ದು ಬಹಳ ಕಡೆ ಬರೆದೇ ಇಲ್ಲ.

ಇನ್ನೊಂದು ನೆನಪು ಬೋರ್ಡೋ, ಅಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ, ಮಾಡುವ ದಿನದ್ದು. ತೋಟ ಇರುವವರಿಗೆ ಇದು ಗೊತ್ತು, ಬೇರೆಯವರಿಗಾಗಿ ಹೇಳುತ್ತೇನೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕಲಕಬೇಕು. ಅಪ್ಪಚ್ಚಿ ಯಾವತ್ತೂ ಅವಸರ ಮಾಡಿದವರಲ್ಲ. ಕಲಕಿ ಆದಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ಹಿಡಿಯುತ್ತಿದ್ದರು. ಎತ್ತಿ, ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಕತ್ತಿಗೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಇನ್ನೊಂಚೂರು ಸುಣ್ಣ ಹಾಕು ಅಂದು ಮತ್ತೆ ಕಲಕಿ, ಮತ್ತೆ ಅದ್ದಿ ನೋಡುತ್ತಿದ್ದರು. ಮೇಲೆ ಮೋಡ ಕಟ್ಟಿರುತ್ತಿತ್ತು, ಮರ ಹತ್ತುವವರು ಕಾಯುತ್ತಿರುತ್ತಿದ್ದರು, ಆದರೂ ಕತ್ತಿ ಸ್ವಚ್ಛವಾಗಿ ಮೇಲೆ ಬರುವವರೆಗೆ ಒಂದು ಹನಿಯನ್ನೂ ತೋಟಕ್ಕೆ ಒಯ್ಯಲು ಬಿಡುತ್ತಿರಲಿಲ್ಲ. ಹದ ತಪ್ಪಿದರೆ ಎಳೆಕಾಯಿ ಸುಡುತ್ತದೆ ಅಂತ ಅವರಿಗೆ ಗೊತ್ತಿತ್ತು.

ಮನೆಗೆ ಯಾರೇ ಬರಲಿ, ಮೊದಲ ಪ್ರಶ್ನೆ "ಆಸರಿಗೆ ಎಂತ ಬೇಕು ತಮಾ?" ಅದನ್ನು ಕೇಳಿದವರೆಲ್ಲ ಇಲ್ಲಿ ಬರೆಯಬೇಕು. ಸಂಕೋಚ ಬೇಡ.

ಕುಮಟೆ ತಂಗಿ

ಅಣ್ಣ, ಬರೆದದ್ದು ಒಳ್ಳೆಯದಾಯಿತು. ನಾನು ಅವರ ತಂಗಿಯ ಮಗಳು. ಕಳೆದ ವರ್ಷ ಬರಲಾಗದೆ ಮನೆಯಲ್ಲೇ ಕೂತು ಅತ್ತವರಲ್ಲಿ ನಾನೂ ಒಬ್ಬಳು. ದೇವಿಮನೆ ಘಟ್ಟದ ಕಡೆಯೂ ಹೋಗಬೇಡಿ ಅಂದುಬಿಟ್ಟರು.

ಮಾವ ಘಟ್ಟ ಇಳಿದು ಬರುತ್ತಿದ್ದದ್ದು ಮಾವಿನ ಮಿಡಿ ಸಮಯಕ್ಕೆ. ಒಂದು ಡಬ್ಬಿ ಜೋನಿಬೆಲ್ಲ ತರುತ್ತಿದ್ದರು. ಹೋಗುವಾಗ ಸಾಣಿಕಟ್ಟೆಯ ಹರಳುಪ್ಪು ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಪ್ಪೆಮಿಡಿಗೆ ಬೇರೆ ಉಪ್ಪು ಹಾಕಲು ಒಪ್ಪುತ್ತಿರಲಿಲ್ಲ. ಮಿಡಿ ಕೊಯ್ಯುವುದನ್ನು ಅವರ ಹತ್ತಿರವೇ ನೋಡಿ ಕಲಿತದ್ದು ನಾನು. ತೊಟ್ಟು ಸಮೇತ ಕೊಯ್ಯಬೇಕು. ಮೇಲಿಂದ ಎಸೆಯಬಾರದು, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸಬೇಕು. ನೆಲಕ್ಕೆ ಬಿದ್ದ ಮಿಡಿ ಒಂದೇ ಒಂದು ಸೇರಿದರೂ ಇಡೀ ಭರಣಿ ಕೆಡುತ್ತದೆ ಅಂತ ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದರು. ಒಂದು ಪದರ ಮಿಡಿ, ಒಂದು ಪದರ ಉಪ್ಪು, ಮೇಲೆ ಕಲ್ಲು ಹೇರುವುದು. ಸೊನೆ ವಾಸನೆ ಅವರ ಕೈಯಲ್ಲಿ ವಾರಗಟ್ಟಲೆ ಇರುತ್ತಿತ್ತು.

ಇನ್ನೊಂದು ನೆನಪಿದೆ. ನಮ್ಮ ಗಜನಿ ಗದ್ದೆಗೆ ಕರೆದುಕೊಂಡು ಹೋದಾಗ ಅಲ್ಲಿನ ಕಗ್ಗ ಭತ್ತ ನೋಡಿ ನಿಂತುಬಿಟ್ಟರು. ಉಪ್ಪುನೀರು ಬಂದುಹೋಗುವ ಜಾಗದಲ್ಲಿ ಭತ್ತ ಹೇಗೆ ನಿಲ್ಲುತ್ತದೆ, ಬೀಜ ಹೇಗೆ ಬಿತ್ತುತ್ತೀರಿ, ಕೊಯ್ಯುವಾಗ ನೀರು ಎಲ್ಲಿಯವರೆಗೆ ಇರುತ್ತದೆ ಅಂತ ಅಲ್ಲಿ ಕೆಲಸ ಮಾಡುತ್ತಿದ್ದ ಅಜ್ಜಿಯನ್ನು ಕೇಳಿದ್ದೇ ಕೇಳಿದ್ದು. ತಾನು ಅಡಿಕೆಯವನು, ತನಗೇಕೆ ಅನ್ನಲಿಲ್ಲ. ಆ ಅಜ್ಜಿ ಎಷ್ಟು ಖುಷಿಯಲ್ಲಿ ಹೇಳಿದರೆಂದರೆ, ಮನೆಗೆ ಹೊರಡುವಾಗ ಸಂಜೆ ಆಗಿತ್ತು. ನನ್ನ ಗಂಡನ ಮನೆಯವರು ಯಾರೂ ಆ ಅಜ್ಜಿಯನ್ನು ಅಷ್ಟು ಹೊತ್ತು ಮಾತಾಡಿಸಿದ್ದು ನಾನು ಕಂಡಿರಲಿಲ್ಲ.

ಹೊನ್ನಾವರ ಹೊಳೆಸಾಲು

ಅವರು ನನಗೆ ಸಂಬಂಧಿಕರಲ್ಲ, ಯಕ್ಷಗಾನ ಆಟದ ಸ್ನೇಹ. ಚಿಟ್ಟಾಣಿಯವರ ಭಸ್ಮಾಸುರ ಎಲ್ಲೇ ಇರಲಿ, ಘಟ್ಟದ ಮೇಲಿಂದ ಇವರು ಇಳಿದು ಬರುತ್ತಿದ್ದರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟವೆಂದರೂ ಅಷ್ಟೇ ಪ್ರೀತಿ. ಮಳೆಗಾಲದಲ್ಲಿ ಅವರ ಮನೆಯಲ್ಲಿ ತಾಳಮದ್ದಳೆ, ವೇಷ ಇಲ್ಲದೆ ಕೂತು ಅರ್ಥ ಹೇಳುವ ಆಟ. ಅರ್ಥ ಹೇಳು ಅಂದರೆ ಒಲ್ಲೆ ಅನ್ನುತ್ತಿದ್ದರು. ಮೂಲೆಯಲ್ಲಿ ಕೂತು ತಾಳ ಹಿಡಿಯುತ್ತಿದ್ದರು. ಆದರೆ ಹೊಸ ಹುಡುಗ ಅರ್ಥ ಹೇಳುವಾಗ ಎಡವಿದರೆ ಮುಂದಿನ ಪದ್ಯದ ಮೊದಲ ಪದವನ್ನು ಅವನಿಗೆ ಮಾತ್ರ ಕೇಳುವ ಹಾಗೆ ಹೇಳುತ್ತಿದ್ದರು. ನಾನೇ ಆ ಹುಡುಗ ಆಗಿದ್ದೆ ಒಮ್ಮೆ. ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಸಾಲ್ಕಣಿ ಹತ್ತಿರದವ

1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡರಲ್ಲ, ಕಾಡು ಉಳಿಸುವ ಅಪ್ಪಿಕೋ ಚಳವಳಿ ಶುರುವಾದ ದಿನ, ನಿಮ್ಮ ಅಪ್ಪಚ್ಚಿ ಅಲ್ಲಿದ್ದರಾ ಅಂತ ಕೆಲವರು ಕೇಳುತ್ತಿರುತ್ತಾರೆ. ಮೊದಲ ದಿನ ಇರಲಿಲ್ಲ. ಆಮೇಲಿನ ದಿನಗಳಲ್ಲಿ ಬಂದರು. ಬರುವಾಗ ಅವಲಕ್ಕಿ ಗಂಟು ತಂದಿದ್ದರು, ಎಲ್ಲರಿಗೂ ಆಗುವಷ್ಟು. ಭಾಷಣ ಮಾಡಲಿಲ್ಲ, ಫೋಟೋದಲ್ಲೂ ಇಲ್ಲ.

ಅವರ ಬೆಟ್ಟ ನೋಡಿದವರಿಗೆ ಅವರು ಯಾಕೆ ಬಂದರು ಅಂತ ಕೇಳುವುದೇ ಬೇಡ. ನಮ್ಮ ಕಡೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಇದೆ. ಸೊಪ್ಪು, ದರಕು (ಒಣ ಎಲೆ), ಹುಲ್ಲು ತರುವ ಹಕ್ಕು. ಎಷ್ಟೋ ಬೆಟ್ಟ ಬೋಳಾಗಿ ಹೋದವು. ಅವರದ್ದು ಇವತ್ತಿಗೂ ದಟ್ಟ. ಒಂದೇ ಮರವನ್ನು ಪ್ರತಿವರ್ಷ ಕಡಿಯುತ್ತಿರಲಿಲ್ಲ, ತುದಿ ಮುಟ್ಟುತ್ತಿರಲಿಲ್ಲ. ಈ ವರ್ಷ ಈ ಬದಿ, ಬರುವ ವರ್ಷ ಆ ಬದಿ. ಅದನ್ನೂ ಪಂಚಾಂಗದಲ್ಲಿ ಬರೆದಿರಬೇಕು, ಹುಡುಕಿ ನೋಡಿ.

ಹುಲೇಕಲ್ ಕಡೆಯವ

ಹೌದು, ಇದೆ! ಬೆಟ್ಟವನ್ನು ಭಾಗ ಮಾಡಿ ಹೆಸರಿಟ್ಟಿದ್ದಾರೆ. ಹುಣಾಲು ಗುಂಡಿ, ನೇರಲೆ ಇಳಿಜಾರು, ಹೀಗೆ. ಯಾವ ವರ್ಷ ಯಾವ ಭಾಗಕ್ಕೆ ಕತ್ತಿ ಹಾಕಲಿಲ್ಲ ಅನ್ನುವುದನ್ನೇ ಬರೆದಿಟ್ಟಿದ್ದಾರೆ.

ಕೊನೆಗೌಡರ ಮಗ

ನಾನು ಬರೆಯಬಹುದಾ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನಮ್ಮ ಅಪ್ಪ ಒಡೆಯರ, ಅಂದರೆ ನಿಮ್ಮ ಅಪ್ಪಚ್ಚಿಯ, ತೋಟದಲ್ಲಿ ಅಡಿಕೆ ಕೊನೆ (ಗೊಂಚಲು) ಕೊಯ್ಯುತ್ತಿದ್ದರು. ಕಾಲಿಗೆ ಕುಣಿಕೆ ಹಾಕಿ ಒಂದು ಮರ ಹತ್ತಿದರೆ ಆಯಿತು, ಮೇಲಿಂದ ಮೇಲೇ ಮರದಿಂದ ಮರಕ್ಕೆ ದಾಟುತ್ತಿದ್ದರು. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿಕೊಂಡು ಬರುತ್ತದೆ. ಕೆಳಗೆ ಹಗ್ಗ ಹಿಡಿಯುವವರ ಕೈ ಗಟ್ಟಿ ಇರಬೇಕು, ಕಣ್ಣು ಮೇಲೇ ಇರಬೇಕು. ನಮ್ಮ ಅಪ್ಪ ಹತ್ತಿದಾಗ ಹಗ್ಗ ಹಿಡಿಯುತ್ತಿದ್ದವರು ಒಡೆಯರೇ. ಬೇರೆಯವರಿಗೆ ಕೊಡುತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೂ ಹಿಡಿದಿದ್ದಾರೆ.

ಒಂದು ವರ್ಷ ಮಳೆ ಬಿಟ್ಟ ಕೂಡಲೇ ಹತ್ತಿದ ಮರ ಜಾರಿ ಅಪ್ಪ ಬಿದ್ದರು. ಸೊಂಟ ಹೋಯಿತು. ಆಮೇಲೆ ಮರ ಹತ್ತಲಿಲ್ಲ. ಒಡೆಯರು ಆ ಕೊಯ್ಲಿನ ಪೂರ್ತಿ ಕೂಲಿ ಮನೆಗೆ ತಂದುಕೊಟ್ಟರು. ಮುಂದಿನ ಕೊಯ್ಲಿಗೂ ಕೊಟ್ಟರು. ಸಾಲ ಅಂತ ಬರೆದುಕೊಳ್ಳಲಿಲ್ಲ. ಅಪ್ಪ ಕೂತು ಮಾಡುವ ಕೆಲಸ ಕೇಳಿದಾಗ ಅಡಿಕೆ ಸುಲಿಯಲು ಮೆಟ್ಟುಗತ್ತಿ ಕೊಟ್ಟು, ಬೆನ್ನಿಗೆ ಆನಿಸಲು ಹಲಗೆ ಮಾಡಿಸಿದರು. ಆ ಹಲಗೆ ನಮ್ಮ ಮನೆಯಲ್ಲಿದೆ.

ಇನ್ನೊಂದು ಮಾತು ಬಿಡುವುದಿಲ್ಲ. ನಾನು ಸಣ್ಣವನಿದ್ದಾಗ ನಮಗೆ ಬಾಳೆಲೆ ಹಾಕುತ್ತಿದ್ದದ್ದು ಅಂಗಳದಲ್ಲಿ. ಆಗ ಎಲ್ಲ ಮನೆಯಲ್ಲೂ ಹಾಗೇ, ಅವರ ಮನೆಯೂ ಹಾಗೇ ಇತ್ತು. ಅವರ ಮಗಳ ಮದುವೆಯಲ್ಲಿ ಅಪ್ಪನ ಕೈಹಿಡಿದು ಚಪ್ಪರದ ಒಳಗೆ ಪಂಕ್ತಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ತಾವೇ ಕೂತರು. ಒಂದಿಬ್ಬರು ಎದ್ದು ಹೋದರು. ಒಡೆಯರು ಅವರ ಕಡೆ ನೋಡದೆ ಅಪ್ಪನ ಎಲೆಗೆ ತುಪ್ಪ ಹಾಕಿ ಅಂದರು. ಪುಸ್ತಕದಲ್ಲಿ ಇದೂ ಬರಬೇಕು. ಮೊದಲು ಹೇಗಿತ್ತು ಅನ್ನುವುದೂ ಬರಬೇಕು.

ಹುಲೇಕಲ್ ಕಡೆಯವ

ಎರಡೂ ಬರುತ್ತದೆ. ನೀವು ಬರೆದ ಹಾಗೇ ಹಾಕುತ್ತೇನೆ, ಒಂದು ಅಕ್ಷರ ಬದಲಿಸುವುದಿಲ್ಲ. ಅಂದು ಎದ್ದು ಹೋದವರ ಮನೆಯ ಮಕ್ಕಳೂ ಓದಲಿ.

ಹಿರಿಮಗಳು

ಅಣ್ಣ, ಇಷ್ಟೂ ಓದಿ ಮನಸ್ಸು ತುಂಬಿತು. ಆದರೆ ನಾನು ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ಅಪ್ಪನ ಎರಡು ಪಂಚೆ ಎಲ್ಲರಿಗೂ ಕಂಡಿತು. ಅದನ್ನು ದಿನಾ ಒಗೆದವರು ನಮ್ಮ ಅಮ್ಮ, ಆಯಿ. ಬಂದವರಿಗೆಲ್ಲ ಆಸರಿಗೆ ಏನು ಬೇಕು ಅಂತ ಕೇಳಿದ್ದು ಅಪ್ಪ, ಮಾಡಿ ತಂದದ್ದು ಆಯಿ. ತಾಳಮದ್ದಳೆ ರಾತ್ರಿ ಎಲ್ಲರಿಗೂ ಅವಲಕ್ಕಿ, ಕಷಾಯ, ಬೆಳಗ್ಗೆ ತೆಳ್ಳೇವು. ಪಂಪು ಬರುವವರೆಗೆ ಬಾವಿಯಿಂದ ಅಷ್ಟೂ ನೀರು ಸೇದಿದ್ದು ಯಾರು?

ನಮ್ಮ ಅಡಿಗೆಮನೆ ಹೊಗೆಯಿಂದ ಕಪ್ಪಾಗಿತ್ತು. ಆಯಿಯ ಕಣ್ಣು ಯಾವಾಗಲೂ ಕೆಂಪು. ಶಿರಸಿ ಸುತ್ತ ಅಸ್ತ್ರ ಒಲೆ ಹಾಕಿಸಿಕೊಳ್ಳುತ್ತಿದ್ದ ಕಾಲ, ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ರೂಪಿಸಿದ ಒಲೆ ಅದು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಕಟ್ಟಿಗೆ ಕಮ್ಮಿ ಸಾಕು. ಅಪ್ಪ "ಇರೋ ಒಲೆಗೆ ಏನಾಗಿದೆ" ಅಂದಿದ್ದರು. ಆಯಿ ಹಾಲು ಮಾರಿ ಕೂಡಿಟ್ಟ ದುಡ್ಡಲ್ಲಿ ಒಲೆ ಕಟ್ಟುವವರನ್ನು ತಾನೇ ಕರೆಸಿದಳು. ಕೆಲವು ವರ್ಷ ಬಿಟ್ಟು ಗೋಬರ್ ಗ್ಯಾಸೂ ಅವಳ ಹಟದಿಂದಲೇ ಬಂತು. ಸಗಣಿ ಗುಂಡಿಗೆ, ಗ್ಯಾಸು ಒಲೆಗೆ, ಉಳಿದ ರಾಡಿ ತೋಟಕ್ಕೆ. ಆಮೇಲೆ ಬೆಟ್ಟದಿಂದ ಬರುತ್ತಿದ್ದ ಕಟ್ಟಿಗೆ ಹೊರೆ ಎಷ್ಟೋ ಕಮ್ಮಿಯಾಯಿತು. ಬೆಟ್ಟ ದಟ್ಟವಾಗಿ ಉಳಿದದ್ದರಲ್ಲಿ ಆಯಿಯ ಒಲೆಯ ಪಾಲು ದೊಡ್ಡದಿದೆ. ಅಪ್ಪ ಇದನ್ನು ಒಪ್ಪಿದರು, ಬಂದವರಿಗೆ ಒಲೆ ತೋರಿಸಿ "ಇವಳದ್ದು" ಅನ್ನುತ್ತಿದ್ದರು.

ಆಯಿಗೆ ಈಗ 87. ನಿನ್ನೆ ರಾತ್ರಿ ಇದನ್ನೆಲ್ಲ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಪಂಚಾಂಗದ ವಿಷಯಕ್ಕೆ ಬಂದಾಗ ಎದ್ದು ಕೂತಳು. ರಾತ್ರಿ ಮಳೆ ಎಷ್ಟು ಬಂತು ಅಂತ ನೋಡುತ್ತಿದ್ದವಳು ಅವಳಂತೆ. ಅಂಗಳದಲ್ಲಿ ತಾಮ್ರದ ಬೋಗುಣಿ ಇಡುತ್ತಿದ್ದಳು. ಬೆಳಗಿನ ಜಾವ ಎದ್ದು ಬೆರಳು ಅದ್ದಿ, ಎಷ್ಟು ಗೆಣ್ಣು ನೀರು ಅಂತ ಹೇಳಿದರೆ ಅಪ್ಪ ಬರೆದುಕೊಳ್ಳುತ್ತಿದ್ದರು. ಆ ಲೆಕ್ಕ ಇಬ್ಬರದ್ದು.

ಕುಮಟೆ ತಂಗಿ

ಅಕ್ಕ, ಇದು ಬರದಿದ್ದರೆ ಪುಸ್ತಕ ಅರ್ಧವೇ ಆಗುತ್ತಿತ್ತು. ಅತ್ತೆಯ ಕೈಯ ಅಪ್ಪೆಹುಳಿ ಬಗ್ಗೆ ನಾನು ಬೇರೆಯೇ ಬರೆಯುತ್ತೇನೆ. ಮಾರಿಕಾಂಬಾ ಜಾತ್ರೆಗೆ ಹೋದಾಗೆಲ್ಲ ಮಾವ ಮೊದಲು ಬಳೆ ಅಂಗಡಿಗೆ ಹೋಗಿ ಅತ್ತೆಗೆ ಹಸಿರು ಬಳೆ ತೆಗೆಯುತ್ತಿದ್ದದ್ದು ನೆನಪಿದೆ. ಅಳತೆಗೆ ಅತ್ತೆಯ ಹಳೇ ಬಳೆ ಒಂದನ್ನು ಜೇಬಲ್ಲಿ ಇಟ್ಟುಕೊಂಡು ಬರುತ್ತಿದ್ದರು.

ಹುಲೇಕಲ್ ಕಡೆಯವ

ತಂಗೀ, ನೀನು ಹೇಳಿದ್ದು ಸರಿ. ಪುಸ್ತಕ ಇಬ್ಬರ ಬಗ್ಗೆ ಆಗಲಿ. ಚಿಕ್ಕಿ, ಅಂದರೆ ನಿನ್ನ ಆಯಿ, ಹೇಳಿದ ಬೋಗುಣಿ ಅಳತೆ ಗೊತ್ತಾದ ಮೇಲೆ ಪಂಚಾಂಗ ಮತ್ತೆ ತೆಗೆದು ನೋಡಿದೆ. ಕೆಲವು ಕಡೆ "ಗೆಣ್ಣು 2", "ಗೆಣ್ಣು 3" ಅಂತ ಇದೆ, ಅದು ಏನೆಂದು ನಮಗೆ ಅರ್ಥವೇ ಆಗಿರಲಿಲ್ಲ. ಚಿಕ್ಕಿ ಜೊತೆ ಕೂತು ಒಂದೊಂದು ವರ್ಷದ್ದೂ ಕೇಳಿ ಬರೆದುಕೊಳ್ಳಬೇಕು. ಅವರಿಗೆ ಆಯಾಸ ಆಗದ ಹಾಗೆ ಬೆಳಿಗ್ಗೆ ಹೊತ್ತು ಬರುತ್ತೇನೆ.

ಸಿದ್ದಾಪುರ ತೋಟಿಗ

ನಾನು ಅವರನ್ನು ಒಮ್ಮೆ ಮಾತ್ರ ಕಂಡಿದ್ದೆ, ಶಿರಸಿಯಲ್ಲಿ ಅಡಿಕೆ ಸೊಸೈಟಿಯ ಅಂಗಳದಲ್ಲಿ. 1923ರಲ್ಲಿ ಶುರುವಾದ ನಮ್ಮ ತೋಟಿಗರ ಸಂಘ. ಅವರ ಅಪ್ಪನ ಕಾಲದಿಂದ ವ್ಯವಹಾರ ಅಲ್ಲೇ ಅಂತ ಹೇಳಿದ್ದರು. ನನ್ನ ಚೀಲದಿಂದ ನಾಲ್ಕು ಅಡಿಕೆ ಎತ್ತಿ, ಒಂದನ್ನು ಕತ್ತರಿಸಿ ನೋಡಿ, "ಒಂದು ದಿನ ಮೊದಲೇ ಬೇಯಿಸಿದ್ದೆ ಅಲ್ಲವಾ, ಕಾಯಿ ಇನ್ನೂ ಎಳೆಯದು" ಅಂದರು. ಸರಿಯಾಗಿ ಹೇಳಿದ್ದರು. ಚೊಗರು (ಅಡಿಕೆ ಬೇಯಿಸಿ ಉಳಿದ ಬಣ್ಣದ ನೀರು) ಎಷ್ಟು ಹಾಕಬೇಕು ಅಂತಲೂ ಅಲ್ಲೇ ನಿಂತು ವಿವರಿಸಿದರು. ಗುರುತಿಲ್ಲ ಪರಿಚಯ ಇಲ್ಲ, ಆದರೂ ಸ್ವಂತ ಮಗನಿಗೆ ಹೇಳಿದ ಹಾಗೆ ಹೇಳಿದರು.

ನನ್ನದೊಂದು ಪ್ರಶ್ನೆ ಇದೆ. ಔಷಧಿ ಹೊಡೆಯುವುದರ ಜೊತೆಗೆ ಅವರು ಕೆಲವು ಮರಗಳಿಗೆ ಕರಡದ ಕೊಟ್ಟೆ ಕಟ್ಟಿಸುತ್ತಿದ್ದರು ಅಂತ ಕೇಳಿದ್ದೇನೆ. ಅಡಿಕೆ ಕೊನೆಗೆ ಮಳೆ ನೀರು ತಾಗದ ಹಾಗೆ ಹುಲ್ಲಿನ ಟೊಪ್ಪಿಗೆ. ಈಗ ಎಲ್ಲ ಪ್ಲಾಸ್ಟಿಕ್ ಆಗಿಬಿಟ್ಟಿದೆ. ಕರಡದ ಕೊಟ್ಟೆ ಹೆಣೆಯುವುದು ನಮ್ಮ ಊರಲ್ಲಿ ಯಾರಿಗೂ ಬರುವುದಿಲ್ಲ. ಪಂಚಾಂಗದಲ್ಲಿ ಅದರ ಬಗ್ಗೆ ಬರೆದಿದ್ದಾರಾ?

ಹುಲೇಕಲ್ ಕಡೆಯವ

ಎಷ್ಟು ಕೊಟ್ಟೆ ಕಟ್ಟಿತು ಅಂತ ಮಾತ್ರ ಇದೆ, ಹೆಣೆಯುವ ರೀತಿ ಬರೆದಿಲ್ಲ. ಬರೆಯುವ ವಿಷಯ ಅಂತ ಅವರಿಗೆ ಅನ್ನಿಸಿಯೇ ಇರಲಿಕ್ಕಿಲ್ಲ, ಆಗ ಎಲ್ಲರಿಗೂ ಬರುತ್ತಿತ್ತಲ್ವಾ. ಕೊನೆಗೌಡರೇ, ನಿಮ್ಮ ಅಪ್ಪನಿಗೆ ಬರುತ್ತದಾ?

ಕೊನೆಗೌಡರ ಮಗ

ಬರುತ್ತದೆ. ಈಗಲೇ ಕೇಳಿದೆ, ಅಪ್ಪ ನಕ್ಕರು, "ಕೈ ಮರೆತಿಲ್ಲ, ಸೊಂಟ ಮಾತ್ರ ಹೋಗಿದ್ದು" ಅಂದರು. ಕಳೆದ ಸಲ ಕೊಯ್ದ ಕರಡ ನಮ್ಮ ಮಾಳಿಗೆ ಮೇಲೆ ಒಣಗಿದ್ದು ಇದೆ. ಸಿದ್ದಾಪುರದವರೂ ಬನ್ನಿ, ಮಳೆ ಹಿಡಿಯುವ ಮೊದಲು ಯಾವುದಾದರೂ ಭಾನುವಾರ. ಅಪ್ಪ ಬೆಳಿಗ್ಗೆ ಕೂರುತ್ತಾರೆ, ಮಧ್ಯಾಹ್ನದ ಮೇಲೆ ಅವರಿಗೆ ಆಗುವುದಿಲ್ಲ. ಹೆಣೆಯುವುದನ್ನು ಮೊಬೈಲಲ್ಲಿ ಹಿಡಿದುಕೊಳ್ಳಬಹುದು, ಆದರೆ ಎಲ್ಲರೂ ಒಂದೊಂದು ಕೊಟ್ಟೆ ಹೆಣೆದೇ ಹೋಗಬೇಕಂತೆ. ಹುಲ್ಲು ಕತ್ತರಿಸಲು ಕತ್ತಿ ನಮ್ಮಲ್ಲಿ ಒಂದೇ ಇದೆ, ಬರುವವರು ನಿಮ್ಮದು ತನ್ನಿ.